ನಿಮ್ಮ ಪಿಜಿ ಸೆಂಟರಿನ ಚರಿತ್ರೆ ನೀವೇ ಬರೆಯುವುದು ಹೇಗೆ? ಕೊಣಾಜೆಯ ಉದಾಹರಣೆಯೊಂದಿಗೆ

ಊರಿಂದ ಹತ್ತಿಪ್ಪತ್ತು ಕಿಲೋಮೀಟರ್ ಆಚೆ, ಗುಡ್ಡದ ಮೇಲೋ ಬಯಲಿನಲ್ಲೋ ವಿಶ್ವವಿದ್ಯಾಲಯದ ಒಂದು ಪಿಜಿ (ಸ್ನಾತಕೋತ್ತರ) ಸೆಂಟರ್ ಇರುತ್ತದೆ. ಅಲ್ಲಿ ಸಾವಿರಾರು ಜನ ಓದಿ ಹೋಗಿರುತ್ತಾರೆ. ಅದರ ಚರಿತ್ರೆ ಕೇಳಿದರೆ ಸಿಗುವುದು ಮಾತ್ರ ಮೂರು ಸಾಲು: ಯಾವ ವರ್ಷ ಶುರುವಾಯಿತು, ಯಾರು ಉದ್ಘಾಟನೆ ಮಾಡಿದರು, ಈಗ ಎಷ್ಟು ವಿಭಾಗಗಳಿವೆ. ಇಷ್ಟರಿಂದ ಏನೂ ಗೊತ್ತಾಗುವುದಿಲ್ಲ. ಅಲ್ಲಿಗೆ ಯಾರು ಬಂದರು, ಎಲ್ಲಿಂದ ಬಂದರು, ಅವರ ಮನೆಯವರು ಏನು ಕೆಲಸ ಮಾಡುತ್ತಿದ್ದರು, ಆ ಸೆಂಟರ್ ಇಲ್ಲದಿದ್ದರೆ ಅವರು ಓದುತ್ತಿದ್ದರಾ? ಚರಿತ್ರೆ ಅಂದರೆ ಇದು. ಅದನ್ನು ಬರೆಯಲು ಪಿಎಚ್‌ಡಿ ಬೇಕಿಲ್ಲ. ಹಳೆ ವಿದ್ಯಾರ್ಥಿಗಳು, ಅತಿಥಿ ಉಪನ್ಯಾಸಕರು, ಈಗ ಓದುತ್ತಿರುವ ಎಂ.ಎ. ಹುಡುಗ ಹುಡುಗಿಯರು ಯಾರು ಬೇಕಾದರೂ ಬರೆಯಬಹುದು. ಹೇಗೆ ಅಂತ ಹೇಳುತ್ತೇನೆ. ಉದಾಹರಣೆಗೆ ಮಂಗಳೂರಿನ ಹತ್ತಿರದ ಕೊಣಾಜೆಯನ್ನು ತೆಗೆದುಕೊಳ್ಳುತ್ತೇನೆ. ನೀವು ಹಾಸನದವರೋ ದಾವಣಗೆರೆಯವರೋ ಆಗಿದ್ದರೆ ಹೆಸರು ಬದಲಾಯಿಸಿಕೊಳ್ಳಿ, ಕೆಲಸದ ದಾರಿ ಅದೇ.

ಯಾಕೆ ಈಗಲೇ ಅಂದರೆ, ನಮ್ಮ ರಾಜ್ಯದಲ್ಲಿ ಪಿಜಿ ಸೆಂಟರುಗಳ ಯಜಮಾನರು ಬದಲಾಗುತ್ತಲೇ ಇರುತ್ತಾರೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಗುಲ್ಬರ್ಗ ಸೆಂಟರ್ 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯವಾಯಿತು. ದಾವಣಗೆರೆಯದ್ದು ಮೊದಲು ಮೈಸೂರಿಗೆ ಸೇರಿತ್ತು, 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯಕ್ಕೆ ಹೋಯಿತು, 2009ರಲ್ಲಿ ತಾನೇ ವಿಶ್ವವಿದ್ಯಾಲಯವಾಯಿತು. ಹಾಸನದ ಹೇಮಗಂಗೋತ್ರಿ ಮತ್ತು ಕೊಡಗಿನ ಚಿಕ್ಕಅಳುವಾರ 2023ರಲ್ಲಿ ಸ್ವತಂತ್ರವಾದವು. ಎರಡೇ ವರ್ಷಕ್ಕೆ, 2025ರ ಫೆಬ್ರವರಿಯಲ್ಲಿ, ದುಡ್ಡಿಲ್ಲ ಅನ್ನುವ ಕಾರಣಕ್ಕೆ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಿ ಮತ್ತೆ ಹಳೆಯದಕ್ಕೇ ಸೇರಿಸುವ ಮಾತು ಸರ್ಕಾರದಲ್ಲೇ ಎದ್ದಿತು. ಪ್ರತಿ ಸಲ ಹೀಗೆ ಕೈ ಬದಲಾದಾಗ ಕಡತಗಳು ಲಾರಿ ಹತ್ತುತ್ತವೆ. ಕೆಲವು ತಲುಪುತ್ತವೆ, ಕೆಲವು ಯಾವುದೋ ಗೋಡೌನಿನಲ್ಲಿ ಗೆದ್ದಲಿಗೆ ಸಿಗುತ್ತವೆ. ಹಾಗಾಗಿ ಕಾಯಬೇಡಿ.

ಮೊದಲ ಕೆಲಸ: "ಇಲ್ಲೇ ಯಾಕೆ, ಆಗಲೇ ಯಾಕೆ" ಅಂತ ಕೇಳಿ

ಕೊಣಾಜೆಯ ಕ್ಯಾಂಪಸ್ಸಿನ ಹೆಸರು ಮಂಗಳಗಂಗೋತ್ರಿ. ಅದು ಮೈಸೂರು ವಿಶ್ವವಿದ್ಯಾಲಯದ ಪಿಜಿ ಸೆಂಟರ್ ಆಗಿ 1968ರಲ್ಲಿ ಶುರುವಾಯಿತು. 1980ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ವಿಶ್ವವಿದ್ಯಾಲಯವಾಯಿತು. ಇತಿಹಾಸಕಾರ ಬಿ. ಷೇಕ್ ಅಲಿ ಮೊದಲ ಕುಲಪತಿ. ಇಷ್ಟು ಎಲ್ಲ ಕಡೆ ಸಿಗುತ್ತದೆ. ಆದರೆ 1968ರಲ್ಲೇ ಯಾಕೆ?

ಇದಕ್ಕೆ ಉತ್ತರ ಹುಡುಕಬೇಕಾದ್ದು ಸುತ್ತಲಿನ ಡಿಗ್ರಿ ಕಾಲೇಜುಗಳಲ್ಲಿ. ಒಂದು ಹಾಳೆ ತೆಗೆದುಕೊಂಡು ಅವು ಶುರುವಾದ ಇಸವಿಗಳನ್ನು ಸಾಲಾಗಿ ಬರೆಯಿರಿ. ಉಡುಪಿಯ ಎಂಜಿಎಂ 1949. ಪುತ್ತೂರಿನ ಫಿಲೋಮಿನಾ 1958. ಕುಂದಾಪುರದ ಭಂಡಾರ್ಕಾರ್ಸ್ 1963. ಪುತ್ತೂರಿನ ವಿವೇಕಾನಂದ 1965. ಉಜಿರೆಯ ಎಸ್‌ಡಿಎಂ 1966. ಮಂಗಳೂರಿನ ಅಲೋಶಿಯಸ್ 1880ರಿಂದಲೇ ಇತ್ತು. ಹಾಳೆ ನೋಡಿದರೆ ಕಾಣುತ್ತದಲ್ವಾ, 60ರ ದಶಕದಲ್ಲಿ ಇದ್ದಕ್ಕಿದ್ದಂತೆ ಪೇಟೆಯ ಆಚೆಗೂ ಬಿ.ಎ., ಬಿ.ಎಸ್ಸಿ. ಮುಗಿಸಿದವರು ತಯಾರಾಗುತ್ತಿದ್ದರು. ಮುಂದೆ ಓದಬೇಕು ಅಂದರೆ ಮೈಸೂರಿಗೆ ಹೋಗಬೇಕು, 250 ಕಿಲೋಮೀಟರ್, ಘಟ್ಟ ಹತ್ತಿ ಬಸ್ಸಿನಲ್ಲಿ. ಮಂಗಳೂರು-ಹಾಸನ ರೈಲು ಬಂದದ್ದೇ 1979ರಲ್ಲಿ. ಮೈಸೂರಿನಲ್ಲಿ ಎರಡು ವರ್ಷ ರೂಮು, ಊಟದ ಖರ್ಚು ಬೇರೆ. ಇನ್ನೊಂದು ಕಡೆ, ಈ ಹೊಸ ಕಾಲೇಜುಗಳಿಗೆ ಪಾಠ ಮಾಡಲು ಎಂ.ಎ., ಎಂ.ಎಸ್ಸಿ. ಆದವರು ಬೇಕಿತ್ತು. ಎರಡೂ ಕಡೆಯ ಒತ್ತಡ ಸೇರಿದ ಮೇಲೆ ಪಿಜಿ ಸೆಂಟರ್ ಬಂತು. ಯಾರೋ ಒಬ್ಬ ದೊಡ್ಡ ಮನುಷ್ಯನ ಕೃಪೆಯಿಂದ ಬಂತು ಅಂತ ಬರೆದು ಮುಗಿಸುವ ಮೊದಲು ನಿಮ್ಮ ಸೆಂಟರಿಗೂ ಈ ಹಾಳೆ ಒಮ್ಮೆ ತಯಾರಿಸಿ.

ಕರಾವಳಿಯವರು ಇನ್ನೂ ಒಂದು ಹೆಜ್ಜೆ ಹಿಂದೆ ಹೋಗಬೇಕು. ದಕ್ಷಿಣ ಕನ್ನಡ 1956ರ ತನಕ ಮದ್ರಾಸಿಗೆ ಸೇರಿತ್ತು, ಇಲ್ಲಿನ ಕಾಲೇಜುಗಳೂ ಮದ್ರಾಸ್ ವಿಶ್ವವಿದ್ಯಾಲಯದ ಕೆಳಗಿದ್ದವು. ಒಂದೇ ಮನೆಯಲ್ಲಿ ಅಜ್ಜನ ಸರ್ಟಿಫಿಕೇಟಿನಲ್ಲಿ ಮದ್ರಾಸ್, ಅಪ್ಪನದರಲ್ಲಿ ಮೈಸೂರು, ಮಗಳದರಲ್ಲಿ ಮಂಗಳೂರು ಅಂತ ಇರಬಹುದು. ಅಂಥ ಮನೆ ಸಿಕ್ಕರೆ ಬಿಡಬೇಡಿ, ಮೂರೂ ಸರ್ಟಿಫಿಕೇಟುಗಳ ಫೋಟೋ ತೆಗೆದುಕೊಳ್ಳಿ.

ಇಸವಿಗಳ ವಿಷಯದಲ್ಲಿ ಒಂದು ಎಚ್ಚರ. ಸೆಂಟರ್ ಶುರುವಾದದ್ದು, ಈಗಿನ ಜಾಗಕ್ಕೆ ಬಂದದ್ದು, ವಿಶ್ವವಿದ್ಯಾಲಯವಾದದ್ದು, ಈ ಮೂರೂ ಬೇರೆ ಬೇರೆ ದಿನಾಂಕಗಳು. ಸ್ಮರಣ ಸಂಚಿಕೆಗಳಲ್ಲಿ ಇವು ಕಲಸಿಹೋಗಿರುತ್ತವೆ. ಕೊಣಾಜೆಯ ಕನ್ನಡ ವಿಭಾಗ ವಿಶ್ವವಿದ್ಯಾಲಯಕ್ಕಿಂತ ಹನ್ನೆರಡು ವರ್ಷ ಹಳೆಯದು. ಎಸ್.ವಿ. ಪರಮೇಶ್ವರ ಭಟ್ಟರು ಅದನ್ನು ಕಟ್ಟಿದಾಗ ಮಂಗಳೂರು ವಿಶ್ವವಿದ್ಯಾಲಯ ಅನ್ನುವುದೇ ಇರಲಿಲ್ಲ. ಆ ಶುರುವಿನ ವರ್ಷಗಳಲ್ಲೇ ಅಲ್ಲಿ ಎಂ.ಎ. ಮಾಡಿದ ಬಿ.ಎ. ವಿವೇಕ ರೈ ಮುಂದೆ ಅಲ್ಲೇ ಮೇಷ್ಟ್ರಾದರು, ತುಳು ಜನಪದ ಸಾಹಿತ್ಯದ ಮೇಲೆ ಸಂಶೋಧನೆ ಮಾಡಿದರು, ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಅವರು ಎಂ.ಎ. ಮಾಡಿದ್ದು ಯಾವ ವಿಶ್ವವಿದ್ಯಾಲಯದಲ್ಲಿ? ಮೈಸೂರು. ಓದಿದ್ದು ಎಲ್ಲಿ? ಮಂಗಳಗಂಗೋತ್ರಿಯಲ್ಲಿ. ಎರಡೂ ಸರಿ, ಎರಡನ್ನೂ ಬರೆಯಬೇಕು.

ಕಾಗದ ಎಲ್ಲಿ ಸಿಗುತ್ತದೆ

ಹೊಸಬರು ಮೊದಲು ಹೋಗುವುದು ತಮ್ಮ ಕ್ಯಾಂಪಸ್ಸಿನ ಆಡಳಿತ ಕಚೇರಿಗೆ. ಆದರೆ ಹಳೆಯ ಕಾಗದ ಇರುವುದು ತಾಯಿ ವಿಶ್ವವಿದ್ಯಾಲಯದಲ್ಲಿ. 1968ರಿಂದ 80ರ ತನಕದ ಕೊಣಾಜೆಯ ವಿಷಯ ಬೇಕಾದರೆ ಮೈಸೂರು ವಿಶ್ವವಿದ್ಯಾಲಯದ ಆಡಳಿತ ಕಚೇರಿ ಇರುವ ಕ್ರಾಫರ್ಡ್ ಹಾಲಿನ ಕಡೆ ಮುಖ ಮಾಡಬೇಕು. ವಾರ್ಷಿಕ ವರದಿಗಳು, ಸಿಂಡಿಕೇಟ್ (ವಿಶ್ವವಿದ್ಯಾಲಯದ ಆಡಳಿತ ಮಂಡಳಿ) ಸಭೆಯ ನಡಾವಳಿ, ಘಟಿಕೋತ್ಸವದ ಪುಸ್ತಿಕೆಗಳು, ಈ ಮೂರನ್ನು ಕೇಳಿ. ವಾರ್ಷಿಕ ವರದಿಯಲ್ಲಿ ವಿಭಾಗವಾರು ವಿದ್ಯಾರ್ಥಿಗಳ ಸಂಖ್ಯೆ ಇರುತ್ತದೆ. ನಡಾವಳಿಯಲ್ಲಿ ಜಗಳಗಳಿರುತ್ತವೆ: ಯಾವ ವಿಷಯ ಮೊದಲು ಶುರು ಮಾಡಬೇಕು, ದುಡ್ಡು ಯಾರು ಕೊಡಬೇಕು, ಮೇಷ್ಟ್ರುಗಳನ್ನು ಎಲ್ಲಿಂದ ಕಳಿಸಬೇಕು. ಪುಸ್ತಿಕೆಯಲ್ಲಿ ರ್‍ಯಾಂಕ್ ಬಂದವರ ಹೆಸರಿರುತ್ತದೆ, ಸಂದರ್ಶನಕ್ಕೆ ಜನ ಹುಡುಕಲು ಅದೇ ಒಳ್ಳೆಯ ಶುರುವಾತು.

ಪತ್ರಿಕೆ ಹುಡುಕುವಾಗ ಪತ್ರಿಕೆಯ ವಯಸ್ಸನ್ನೂ ನೋಡಿಕೊಳ್ಳಿ. ಕರಾವಳಿಯ ಸುದ್ದಿಗೆ ಎಲ್ಲರೂ ಉದಯವಾಣಿ ಅನ್ನುತ್ತಾರೆ, ಆದರೆ ಅದು ಶುರುವಾದದ್ದು 1970ರ ಜನವರಿಯಲ್ಲಿ. ಅದಕ್ಕಿಂತ ಮುಂಚಿನದಕ್ಕೆ ಮಂಗಳೂರಿನ ನವಭಾರತದ ಹಳೆಯ ಪ್ರತಿಗಳು, ಪ್ರಜಾವಾಣಿ ನೋಡಬೇಕು.

ಜಾಗದ ವಿಷಯಕ್ಕೆ ಪಹಣಿ ತೆಗೆಸಿ. ಮುನ್ನೂರು ಎಕರೆಗೂ ಜಾಸ್ತಿ ಇರುವ ಕ್ಯಾಂಪಸ್ ಖಾಲಿ ಗುಡ್ಡದ ಮೇಲೆ ಬಂತು ಅಂತ ಬರೆಯುವುದು ಸುಲಭ. ಆದರೆ ದಕ್ಷಿಣ ಕನ್ನಡದಲ್ಲಿ ಗುಡ್ಡ ಅಂದರೆ ಸುಮ್ನೆ ಬಿದ್ದಿರುವ ಜಾಗವಲ್ಲ. ಕೃಷಿ ಜಮೀನಿನ ಪಕ್ಕದ ಕುಮ್ಕಿಯಿಂದ, ಅಂದರೆ ರೈತರಿಗೆ ಬಳಸುವ ಹಕ್ಕಿದ್ದ ಸರ್ಕಾರಿ ಜಾಗದಿಂದ, ಜನ ಸೊಪ್ಪು, ಸೌದೆ ತರುತ್ತಿದ್ದರು, ದನ ಮೇಯಿಸುತ್ತಿದ್ದರು. ಕ್ಯಾಂಪಸ್ ಬಂದ ಮೇಲೆ ಆ ದನಗಳು ಎಲ್ಲಿಗೆ ಹೋದವು ಅಂತ ಪಕ್ಕದ ಮನೆಯ ಹಿರಿಯರನ್ನು ಕೇಳಿ. ಉತ್ತರ ಏನೇ ಬರಲಿ, ಅದೂ ಚರಿತ್ರೆಯ ಭಾಗ.

ಇತ್ತೀಚಿನ ಅಂಕಿಅಂಶಕ್ಕೆ ಅಷ್ಟು ಕಷ್ಟವಿಲ್ಲ. ವಿಶ್ವವಿದ್ಯಾಲಯ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ಕೊಡುವ ಸ್ವಯಂ ಅಧ್ಯಯನ ವರದಿಯನ್ನು ವಿಶ್ವವಿದ್ಯಾಲಯಗಳು ತಮ್ಮ ವೆಬ್‌ಸೈಟಿನಲ್ಲೇ ಹಾಕಿರುತ್ತವೆ. ಗಂಡು ಎಷ್ಟು, ಹೆಣ್ಣು ಎಷ್ಟು, ಹೊರರಾಜ್ಯದವರು ಎಷ್ಟು, ಎಲ್ಲ ಅದರಲ್ಲಿದೆ. ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ಸಮೀಕ್ಷೆ 2010-11ರಿಂದ ನಡೆಯುತ್ತಿದೆ.

ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು, ಶುಲ್ಕ 10 ರೂಪಾಯಿ, ಜೆರಾಕ್ಸಿಗೆ ಪುಟಕ್ಕೆ 2 ರೂಪಾಯಿ. 30 ದಿನದೊಳಗೆ ಉತ್ತರ ಕೊಡಬೇಕು. "ಪಿಜಿ ಸೆಂಟರಿನ ಸಂಪೂರ್ಣ ಚರಿತ್ರೆ ಕೊಡಿ" ಅಂತ ಬರೆದರೆ ಅರ್ಜಿ ವಾಪಸ್ ಬರುತ್ತದೆ. ಹೀಗೆ ಬರೆಯಿರಿ: "1985-86ರಿಂದ 1994-95ರವರೆಗೆ ಪ್ರತಿ ವರ್ಷ ಪ್ರತಿ ಸ್ನಾತಕೋತ್ತರ ವಿಭಾಗಕ್ಕೆ ದಾಖಲಾದ ಒಟ್ಟು ವಿದ್ಯಾರ್ಥಿಗಳ ಸಂಖ್ಯೆ, ಅದರಲ್ಲಿ ಹೆಣ್ಣುಮಕ್ಕಳ ಸಂಖ್ಯೆ, ಮೀಸಲಾತಿ ವರ್ಗವಾರು ಸಂಖ್ಯೆ ನೀಡಿ." ಹೆಸರು ಕೇಳಬೇಡಿ. ಕೊಡುವುದೂ ಇಲ್ಲ, ನಿಮಗೆ ಬೇಕಾಗಿಯೂ ಇಲ್ಲ.

ದಾಖಲಾತಿ ರಿಜಿಸ್ಟರ್ ಓದುವ ಬಗೆ

ವಿಭಾಗದ ಮುಖ್ಯಸ್ಥರು ಒಪ್ಪಿ ಹಳೆಯ ದಾಖಲಾತಿ ರಿಜಿಸ್ಟರ್ ನೋಡಲು ಬಿಟ್ಟರೆ ಅದೇ ನಿಮ್ಮ ದೊಡ್ಡ ಆಸ್ತಿ. ಅದರಲ್ಲಿ ಮೂರು ಕಾಲಂ ನೋಡಿ: ಹಿಂದೆ ಓದಿದ ಕಾಲೇಜು, ತಂದೆ ತಾಯಿಯ ಉದ್ಯೋಗ, ಮನೆ ವಿಳಾಸ. ಐದೈದು ವರ್ಷಕ್ಕೊಂದು ಬ್ಯಾಚ್ ಆರಿಸಿಕೊಂಡು, ಹೆಸರು ಬಿಟ್ಟು ಈ ಮೂರನ್ನು ಮಾತ್ರ ಬರೆದುಕೊಳ್ಳಿ. ಎಲ್ಲ ವರ್ಷಗಳದ್ದೂ ಬೇಕು ಅಂತ ಹಠ ಹಿಡಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

"ಹಿಂದಿನ ಕಾಲೇಜು" ಕಾಲಂ ಸೆಂಟರಿನ ಕೈ ಎಷ್ಟು ದೂರ ಚಾಚಿತ್ತು ಅಂತ ತೋರಿಸುತ್ತದೆ. ಸುಳ್ಯದ ಹೆಸರು ಯಾವಾಗಿನಿಂದ ಬರಲು ಶುರುವಾಗುತ್ತದೆ ನೋಡಿ, ಅಲ್ಲಿ ನೆಹರೂ ಮೆಮೋರಿಯಲ್ ಕಾಲೇಜು ಶುರುವಾದದ್ದು 1976ರಲ್ಲಿ. ಮಡಿಕೇರಿಯಿಂದ ಎಷ್ಟು ಜನ ಅಂತ ನೋಡಿ. ಕಾಸರಗೋಡು ಸರ್ಕಾರಿ ಕಾಲೇಜನ್ನಂತೂ ಬೇರೆಯಾಗಿ ಗುರುತು ಹಾಕಿಕೊಳ್ಳಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು, ಆದರೆ ಅಲ್ಲಿನ ಕನ್ನಡದ ಮಕ್ಕಳಿಗೆ ಮಂಜೇಶ್ವರ ದಾಟಿದರೆ ಕೊಣಾಜೆ ಹತ್ತಿರ. ಕಾಗದದಲ್ಲಿ ಅವರು ಹೊರರಾಜ್ಯದವರು. ಮನೆಯಲ್ಲಿ ಮಾತಾಡುವ ಕನ್ನಡ, ತುಳು ಮಾತ್ರ ಇಲ್ಲಿಯದೇ. ನ್ಯಾಕ್ ವರದಿಯ "ಹೊರರಾಜ್ಯ" ಸಂಖ್ಯೆಯನ್ನು ಹಾಗೇ ಎತ್ತಿ ಬರೆದರೆ ಈ ಮಕ್ಕಳು ಕಣ್ಣಿಗೆ ಬೀಳುವುದೇ ಇಲ್ಲ.

"ಉದ್ಯೋಗ" ಕಾಲಂ ಇನ್ನೂ ಮುಖ್ಯ. ನನಗೆ ಇಡೀ ಚರಿತ್ರೆಯಲ್ಲಿ ಅತಿ ಪ್ರೀತಿಯ ಭಾಗ ಇದು. 1974ರಲ್ಲಿ ದೇವರಾಜ ಅರಸು ಸರ್ಕಾರ ಭೂಸುಧಾರಣೆ ಕಾನೂನು ಬಿಗಿ ಮಾಡಿತು, ಗೇಣಿಗೆ ಮಾಡುತ್ತಿದ್ದ ಒಕ್ಕಲುಗಳು ಭೂನ್ಯಾಯ ಮಂಡಳಿಯಲ್ಲಿ ಅರ್ಜಿ ಹಾಕಿ ಭೂಮಿಯ ಒಡೆಯರಾದರು, ದಕ್ಷಿಣ ಕನ್ನಡದಲ್ಲಿ ಇದು ಜೋರಾಗಿಯೇ ನಡೆಯಿತು. 1975ರಲ್ಲಿ ಹಾವನೂರು ಆಯೋಗ ವರದಿ ಕೊಟ್ಟಿತು, ಹಿಂದುಳಿದ ವರ್ಗಗಳಿಗೆ ಸೀಟು ಸಿಕ್ಕಿತು. ಈ ಎರಡರ ಪರಿಣಾಮ ರಿಜಿಸ್ಟರಿನಲ್ಲಿ ತಕ್ಷಣ ಕಾಣುವುದಿಲ್ಲ. ಮಗು ಬೆಳೆದು, ಶಾಲೆ, ಕಾಲೇಜು ದಾಟಿ ಎಂ.ಎ.ಗೆ ಬರಲು ಹದಿನೈದು ಇಪ್ಪತ್ತು ವರ್ಷ ಬೇಕು. ಹಾಗಾಗಿ 80ರ ದಶಕದ ಕೊನೆಯ, 90ರ ಬ್ಯಾಚುಗಳಲ್ಲಿ ಹುಡುಕಿ. ಆದರೆ ಎಲ್ಲವನ್ನೂ ಕಾನೂನಿನ ತಲೆಗೆ ಕಟ್ಟಬೇಡಿ. ಮುಂಬಯಿಯ ಹೋಟೆಲಿನಲ್ಲಿ ದುಡಿದ ಅಣ್ಣ, ಗಲ್ಫಿಗೆ ಹೋದ ಮಾವ ಕಳಿಸಿದ ದುಡ್ಡಿನಿಂದಲೂ ಎಷ್ಟೋ ಜನ ಓದಿದ್ದಾರೆ.

ತಾಯಂದಿರ ಬೀಡಿ ಕೆಲಸವನ್ನು ಮರೆಯಬಾರದು. ಉಳ್ಳಾಲ, ಬಂಟ್ವಾಳ ಸುತ್ತಿನ ಎಷ್ಟೋ ಮನೆಗಳಲ್ಲಿ ಮಕ್ಕಳ ಫೀಸು ಬಂದದ್ದು ಬೀಡಿ ಕಟ್ಟಿದ ದುಡ್ಡಿನಿಂದ. ಸೂಪು (ಮೊರ) ಮಡಿಲಲ್ಲಿಟ್ಟುಕೊಂಡು ರಾತ್ರಿ ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ, ಕಟ್ಟು ಮಾಡಿ ಬೀಡಿ ಬ್ರಾಂಚಿಗೆ ಕೊಟ್ಟು ಬಂದ ತಾಯಿಯನ್ನು ರಿಜಿಸ್ಟರಿನಲ್ಲಿ "ಗೃಹಿಣಿ" ಅಂತ ಬರೆದಿರುವ ಸಾಧ್ಯತೆಯೇ ಜಾಸ್ತಿ. ಇದನ್ನು ಹಿಡಿಯಲು ಒಂದು ದಾರಿಯಿದೆ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆ ಸ್ಕಾಲರ್‌ಶಿಪ್ ಕೊಡುತ್ತದೆ. ಸ್ಕಾಲರ್‌ಶಿಪ್ ಪಟ್ಟಿಯಲ್ಲಿ ಒಟ್ಟು ಎಷ್ಟು ಜನ ಅಂತ ಕೇಳಿದರೆ "ಗೃಹಿಣಿ"ಯರ ಹಿಂದಿನ ಕೆಲಸ ಕಾಣುತ್ತದೆ.

ಮಾತಾಡಿಸುವುದು

"ಆಗಿನ ಕಾಲ ಹೇಗಿತ್ತು ಸರ್?" ಅಂತ ಕೇಳಿದರೆ "ತುಂಬಾ ಚೆನ್ನಾಗಿತ್ತು" ಅಂತ ಉತ್ತರ ಬರುತ್ತದೆ, ಅಲ್ಲಿಗೆ ಮಾತು ಮುಗಿಯಿತು. ಸಣ್ಣ ಪ್ರಶ್ನೆ ಕೇಳಿ. ಮೊದಲ ದಿನ ಜೊತೆಗೆ ಯಾರು ಬಂದಿದ್ದರು? ಬೆಳಿಗ್ಗೆ ಎಷ್ಟು ಹೊತ್ತಿಗೆ ಮನೆ ಬಿಡುತ್ತಿದ್ದಿರಿ? ಮಧ್ಯಾಹ್ನ ಬುತ್ತಿಯೋ ಕ್ಯಾಂಟೀನೋ? ಫೀಸು ಕಟ್ಟಲು ಯಾರ ಹತ್ತಿರ ಕೇಳಿದಿರಿ? ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವರು ಯಾರು? 70ರ ದಶಕದವರಿಗೆ ಇನ್ನೊಂದು ಪ್ರಶ್ನೆ: ಬ್ಯಾಂಕಿಗೆ ಯಾಕೆ ಹೋಗಲಿಲ್ಲ? ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ, ಐದೂ ಬ್ಯಾಂಕ್ ಹುಟ್ಟಿದ್ದು ಉಡುಪಿಯೂ ಸೇರಿದ್ದ ಆಗಿನ ದಕ್ಷಿಣ ಕನ್ನಡದಲ್ಲೇ. ಡಿಗ್ರಿ ಮುಗಿಸಿದವರ ಕಣ್ಣು ಬ್ಯಾಂಕಿನ ಮೇಲೇ ಇರುತ್ತಿತ್ತು. ಅದನ್ನು ಬಿಟ್ಟು ಎಂ.ಎ.ಗೆ ಬಂದವರು ಯಾಕೆ ಬಂದರು ಅನ್ನುವುದರಲ್ಲಿ ಬಹಳ ವಿಷಯ ಇದೆ.

ಬಸ್ಸಿನ ಬಗ್ಗೆ ಎಲ್ಲರನ್ನೂ ಕೇಳಿ. ಊರಾಚೆಯ ಕ್ಯಾಂಪಸ್ಸಿನ ಬದುಕು ನಡೆಯುವುದೇ ಬಸ್ಸಿನ ಟೈಮಿಂಗ್ ಮೇಲೆ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಟು ನೇತ್ರಾವತಿ ಸೇತುವೆ ದಾಟಿ, ತೊಕ್ಕೊಟ್ಟು, ದೇರಳಕಟ್ಟೆ, ನಾಟೆಕಲ್, ಅಸೈಗೋಳಿ ಆಗಿ ಕೊಣಾಜೆ. ಈ ದಾರಿಯಲ್ಲಿ ಖಾಸಗಿ ಬಸ್ಸುಗಳದ್ದೇ ಓಡಾಟ ಜಾಸ್ತಿ. ಕೊನೆಯ ಬಸ್ಸು ಎಷ್ಟಕ್ಕೆ ಇತ್ತು ಅನ್ನುವುದರಿಂದ ಯಾರು ಸಂಜೆ ಲೈಬ್ರರಿಯಲ್ಲಿ ಕೂತರು, ಯಾರು ನಾಟಕದ ರಿಹರ್ಸಲಿಗೆ ಉಳಿದರು, ಯಾವ ಹುಡುಗಿಯರು ಲ್ಯಾಬ್ ಅರ್ಧಕ್ಕೇ ಬಿಟ್ಟು ಓಡಬೇಕಾಯಿತು ಅಂತೆಲ್ಲ ತಿಳಿಯುತ್ತದೆ. ಈಗಿನವರನ್ನು ಕೇಳುವಾಗ ಶಕ್ತಿ ಯೋಜನೆಯನ್ನೂ ಕೇಳಿ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಆದರೆ ಖಾಸಗಿ ಬಸ್ಸಿಗೆ ಅದು ಅನ್ವಯಿಸುವುದಿಲ್ಲ. ಪಿಜಿ ಕ್ಲಾಸುಗಳಲ್ಲಿ ಹುಡುಗಿಯರೇ ಜಾಸ್ತಿ ಇರುವಾಗ ಇದು ಸಣ್ಣ ವಿಷಯವಲ್ಲ.

ಪ್ರೊಫೆಸರುಗಳನ್ನು ಮಾತ್ರ ಹಿಡಿದು ಕೂರಬೇಡಿ. ನಿವೃತ್ತರಾದ ಅಟೆಂಡರ್, ಹಾಸ್ಟೆಲಿನ ಅಡುಗೆಯವರು, ವಾಚ್‌ಮನ್, ಲೈಬ್ರರಿಯಲ್ಲಿ ಪುಸ್ತಕ ಎತ್ತಿಡುತ್ತಿದ್ದವರು, ಇವರಿಗೆ ಬ್ಯಾಚುಗಟ್ಟಲೆ ಮಕ್ಕಳ ನೆನಪಿರುತ್ತದೆ. ಅವರ ಭಾಷೆಯಲ್ಲೇ ಮಾತಾಡಿಸಿ. ತುಳು, ಬ್ಯಾರಿ, ಕೊಂಕಣಿ, ಮಲಯಾಳಂ, ಕೊಡವ, ಅರೆಭಾಷೆ ಎಲ್ಲ ಇರುವ ಕ್ಯಾಂಪಸ್ ಅದು. ಅವರು ಹೇಳಿದ ಹಾಗೇ ರೆಕಾರ್ಡ್ ಮಾಡಿಕೊಂಡು ಆಮೇಲೆ ಕನ್ನಡಕ್ಕೆ ತನ್ನಿ. ರೆಕಾರ್ಡ್ ಮಾಡುವ ಮೊದಲು ಒಪ್ಪಿಗೆ ಕೇಳಿ, ಬರೆದದ್ದನ್ನು ಅವರಿಗೆ ಓದಿ ಹೇಳಿ, "ಇದು ಬೇಡ" ಅಂದದ್ದನ್ನು ತೆಗೆದುಬಿಡಿ. ಜಾತಿ, ಫೀಸು ಬಾಕಿ, ಫೇಲಾದದ್ದು, ಮನೆಯ ಜಗಳ ಇವುಗಳಲ್ಲಿ ಇನ್ನೂ ಹುಷಾರು.

ಗ್ರೂಪ್ ಫೋಟೋ ಇದ್ದರೆ ಅದನ್ನು ಮುಂದಿಟ್ಟು ಮಾತು ಶುರು ಮಾಡಿ. ಎಡದಿಂದ ಬಲಕ್ಕೆ ಬೆರಳಿಟ್ಟು ಹೆಸರು ಹೇಳಿಸಿ. ಹೆಸರು ನೆನಪಾಗದ ಮುಖದ ಹತ್ತಿರ ಬೆರಳು ನಿಂತಾಗ ಅವಸರ ಮಾಡಬೇಡಿ, ಅದೇ ಬ್ಯಾಚಿನ ಇನ್ನೊಬ್ಬರಿಗೆ ಆಗಲೇ ಫೋನ್ ಮಾಡಿಸಿ. ಎಷ್ಟೋ ಸಲ ಒಳ್ಳೆಯ ಕಥೆ ಆ ಫೋನಿನಲ್ಲಿ ಬರುತ್ತದೆ. ಹೆಂಗಸರು ಎಷ್ಟು ಜನ, ಎಲ್ಲಿ ಕೂತಿದ್ದಾರೆ, ಯಾವ ಇಸವಿಯಿಂದ ಹಿಂದಿನ ಸಾಲಿನಲ್ಲೂ ನಿಲ್ಲಲು ಶುರು ಮಾಡಿದರು ಅಂತಲೂ ಗಮನಿಸಿ.

ಈಗಿನ ವಿದ್ಯಾರ್ಥಿಗಳನ್ನು ಬಿಡಬೇಡಿ

ಚರಿತ್ರೆ ಬರೆಯುವವರು 1990ಕ್ಕೆ ಬಂದು ಪೆನ್ನು ಇಟ್ಟುಬಿಡುತ್ತಾರೆ. ಅಸಲಿ ಬದಲಾವಣೆ ಆಮೇಲೆಯೇ ಆಗಿದೆ. ದೇರಳಕಟ್ಟೆಯಲ್ಲಿ ಖಾಸಗಿ ಮೆಡಿಕಲ್ ಕಾಲೇಜುಗಳು ಬಂದವು, ಮುಡಿಪುವಿನಲ್ಲಿ ಇನ್ಫೋಸಿಸ್ ಬಂತು, ಒಂದು ಕಾಲಕ್ಕೆ ಊರಾಚೆ ಇದ್ದ ಕ್ಯಾಂಪಸ್ ಈಗ ಪೇಟೆಯ ಅಂಚಿಗೇ ಬಂದಿದೆ. ಪೇಟೆಯ ಕಾಲೇಜುಗಳು ಸ್ವಾಯತ್ತವಾಗಿ ತಾವೇ ಎಂ.ಕಾಂ., ಎಂ.ಎಸ್ಸಿ. ಶುರು ಮಾಡಿದವು, ಅಲೋಶಿಯಸ್ 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವೇ ಆಯಿತು. ಹಾಗಾದರೆ ಫೀಸು ಕೊಡಬಲ್ಲವರು ಅಲ್ಲಿಗೆ, ಕೊಡಲಾಗದವರು ಕೊಣಾಜೆಗೆ ಅಂತ ಆಗಿದೆಯಾ? ಯಾವ ವಿಭಾಗಗಳಲ್ಲಿ ಸೀಟು ಖಾಲಿ ಬೀಳುತ್ತಿದೆ? ವಿಭಾಗವಾರು ಸಂಖ್ಯೆ ಇಟ್ಟುಕೊಂಡು ನೀವೇ ನೋಡಿ, ಊಹೆ ಮಾಡಬೇಡಿ. ಕೇಂದ್ರ ಸರ್ಕಾರದ ಐಸಿಸಿಆರ್ (ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಮಂಡಳಿ) ಸ್ಕಾಲರ್‌ಶಿಪ್ ಮೇಲೆ ಬಂದ ವಿದೇಶಿ ವಿದ್ಯಾರ್ಥಿಗಳೂ ಇದ್ದಾರೆ. 2021ರಲ್ಲಿ ಕಾಬೂಲ್ ತಾಲಿಬಾನ್ ಕೈಗೆ ಹೋದಾಗ ಅಫ್ಘಾನಿಸ್ತಾನದ ಹುಡುಗರು ಮಂಗಳೂರಿನಲ್ಲಿದ್ದರು, ಮನೆಗೆ ಫೋನ್ ಹಚ್ಚುತ್ತಾ.

ಪಕ್ಕದ ಊರನ್ನೂ ನೋಡಿ. ಕೊಣಾಜೆಯ ನೆರೆಯ ಹರೇಕಳದ ನ್ಯೂಪಡ್ಪುವಿನಲ್ಲಿ ಪ್ರಾಥಮಿಕ ಶಾಲೆ ಬಂದದ್ದು 2000ನೇ ಇಸವಿಯ ಹೊತ್ತಿಗೆ, ಅದೂ ಕಿತ್ತಳೆ ಮಾರಿದ ದುಡ್ಡು ಕೂಡಿಟ್ಟ ಹರೇಕಳ ಹಾಜಬ್ಬರ ಹಠದಿಂದ. ಅವರಿಗೆ 2020ರ ಪದ್ಮಶ್ರೀ ಬಂತು. ಅಂದರೆ ಎಂ.ಎ., ಎಂ.ಎಸ್ಸಿ. ಕಲಿಸುವ ಕ್ಯಾಂಪಸ್ ಪಕ್ಕದಲ್ಲೇ ಮೂವತ್ತು ವರ್ಷ ಇದ್ದರೂ ಅಲ್ಲಿನ ಮಕ್ಕಳಿಗೆ ಒಂದನೇ ಕ್ಲಾಸು ಇರಲಿಲ್ಲ. ಕ್ಯಾಂಪಸ್ಸಿನ ಸುತ್ತಲಿನ ಊರುಗಳಿಂದ ಎಷ್ಟು ಜನ ಅದೇ ಕ್ಯಾಂಪಸ್ಸಿನಲ್ಲಿ ಓದಿದ್ದಾರೆ ಅಂತ ಎಣಿಸಿ. ಆ ಸಂಖ್ಯೆಯನ್ನು ಹೇಗಿದ್ದರೂ ಹಾಗೇ ಬರೆಯಿರಿ.

ಬರೆದು ಇಡುವುದು

ಬರೆಯುವಾಗ ಕುಲಪತಿಗಳ ಪಟ್ಟಿಯನ್ನು ಕೊನೆಯ ಪುಟಕ್ಕೆ ಹಾಕಿ. ಮೊದಲ ಬ್ಯಾಚಿನಿಂದ ಶುರು ಮಾಡಿ. ಇಬ್ಬರು ಹೇಳಿದ್ದು ತಾಳೆಯಾಗದಿದ್ದರೆ ಎರಡನ್ನೂ ಬರೆದು ಕಾಗದ ಏನು ಹೇಳುತ್ತದೆ ಅಂತ ಸೇರಿಸಿ.

ಟೈಪ್ ಮಾಡುವುದು ಯೂನಿಕೋಡಿನಲ್ಲೇ ಇರಲಿ. ಹಳೆಯ ನುಡಿ ಫಾಂಟಿನಲ್ಲಿ ಇಟ್ಟರೆ ನಾಳೆ ಹುಡುಕಲು ಆಗುವುದಿಲ್ಲ, ಇನ್ನೊಬ್ಬರ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರವೇ ಕಾಣುವುದಿಲ್ಲ. ಫೋಟೋಗಳನ್ನು ಮೊಬೈಲಿನಲ್ಲಿ ಹೊಡೆಯುವ ಬದಲು 300 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿಸಿ, ಅಸಲನ್ನು ಅದೇ ವಾರ ಮನೆಯವರಿಗೆ ವಾಪಸ್ ಕೊಡಿ. ಫೈಲಿನ ಹೆಸರಿನಲ್ಲಿ ಇಸವಿ, ವಿಭಾಗ, ಕೊಟ್ಟವರ ಊರು ಇರಲಿ. ಒಂದು ಪ್ರತಿ ಕ್ಯಾಂಪಸ್ಸಿನ ಲೈಬ್ರರಿಗೆ, ಒಂದು ಜಿಲ್ಲಾ ಗ್ರಂಥಾಲಯಕ್ಕೆ, ಒಂದು ತಾಯಿ ವಿಶ್ವವಿದ್ಯಾಲಯಕ್ಕೆ ಕೊಡಿ, ಕೊಟ್ಟದ್ದಕ್ಕೆ ಸ್ವೀಕೃತಿ ತೆಗೆದುಕೊಳ್ಳಿ. ನೀವೇ ತೆಗೆದ ಕಟ್ಟಡ, ಬಸ್‌ಸ್ಟಾಪಿನ ಫೋಟೋಗಳನ್ನು ವಿಕಿಮೀಡಿಯಾ ಕಾಮನ್ಸಿಗೆ ಹಾಕಬಹುದು. ಬೇರೆಯವರ ಗ್ರೂಪ್ ಫೋಟೋವನ್ನು ಅವರು ಬರೆದುಕೊಡದೆ ಹಾಕುವ ಹಾಗಿಲ್ಲ. ಸಂದರ್ಶನಗಳ ಪೂರ್ತಿ ರೆಕಾರ್ಡಿಂಗ್ ಎರಡು ಬೇರೆ ಬೇರೆ ಹಾರ್ಡ್‌ಡಿಸ್ಕಿನಲ್ಲಿ, ಎರಡು ಬೇರೆ ಮನೆಗಳಲ್ಲಿ ಇರಲಿ. ಯಾರ ಹತ್ತಿರ ಇದೆ ಅಂತ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ.